ಖಾಲಿ ಬಸ್ಸಿನ ಕಾನೂನು

ಮಂತ್ರಿಗೆ ಕೂತು ತಿಂಡಿ ತಿಂದು ಗೊತ್ತಿರಲಿಲ್ಲ. ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದರಲ್ಲಿ ಕಾಗದ ಹಿಡಿದು ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಬಾಲ್ಕನಿಗೆ ಓಡಾಡುತ್ತಲೇ ಹೊಟ್ಟೆ ತುಂಬಿಸಿಕೊಳ್ಳುವ ಆಸಾಮಿ. ನೆಲದ ಮೇಲೆ ಬಿದ್ದ ಬ್ರೆಡ್ಡಿನ ಚೂರು ನೋಡಿದರೆ ಸಾಕು, ಇವರ ತಲೆಯೊಳಗೆ ಏನು ನಡೆದಿದೆ ಅಂತ ಹೇಳಬಹುದು ಎನ್ನುತ್ತಿದ್ದಳು ಹೆಂಡತಿ. ಆ ಬೆಳಿಗ್ಗೆ ಚೂರುಗಳು ಬಾಲ್ಕನಿಯ ತುದಿ ಮುಟ್ಟಿದ್ದವು. ಮಧ್ಯಾಹ್ನ ಮೂರಕ್ಕೆ ಅವನ ಮಸೂದೆ ಶಾಸನಸಭೆಯಲ್ಲಿ ಮತಕ್ಕೆ ಬರಲಿತ್ತು.

ಇವನು ಹುಟ್ಟಾ ರಾಜಕಾರಣಿಯೇನೂ ಅಲ್ಲ. ಇಪ್ಪತ್ತೆರಡು ವರ್ಷ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಹೇಳಿಕೊಟ್ಟವನು. ಏನು ಕೇಳಿದರೂ ‘ಸರಾಸರಿ ನೋಡಿದರೆ’ ಎಂದೇ ಬಾಯಿ ತೆರೆಯುತ್ತಿದ್ದುದರಿಂದ ಹುಡುಗರು ಅವನಿಗೆ ‘ಸರಾಸರಿ’ ಎಂದು ಹೆಸರಿಟ್ಟಿದ್ದರು. ಆ ಹೆಸರು ಅವನ ಬೆನ್ನು ಬಿಡದೆ ಸಭೆಯವರೆಗೂ ಬಂತು. ವಿರೋಧ ಪಕ್ಷದವರು ಅದನ್ನು ಮೂದಲಿಸಲು ಅಂದರು, ಪತ್ರಿಕೆಯವರು ಸಲಿಗೆಯಿಂದ ಅಂದರು, ಹೆಂಡತಿ ಕೋಪ ಬಂದಾಗ ಮಾತ್ರ ಅಂದಳು.

ರಾಜಕೀಯಕ್ಕೆ ಇಳಿದದ್ದು ಶುದ್ಧ ಸಿಟ್ಟಿನಿಂದ. ಊರಿನ ಬಸ್ಸುಗಳನ್ನು ಮಂತ್ರಿಗಳು ತಮ್ಮ ಮನೆಯ ಸೈಕಲ್ಲಿನಂತೆ ಬೇಕಾದವರಿಗೆ ಬೇಕಾದ ಕಡೆ ಕೊಟ್ಟುಬಿಡುತ್ತಿದ್ದರು. ಯಾರದೋ ಭಾವಮೈದುನನ ಸಿಮೆಂಟು ಗೋದಾಮಿನ ಮುಂದೆ ದಿನಕ್ಕೆ ಹದಿನಾಲ್ಕು ಬಸ್ಸು ನಿಲ್ಲುತ್ತಿತ್ತು. ಗುಡ್ಡದ ಆಚೆಯ ಹೊಸ ಬಡಾವಣೆಗಳ ಹೆಂಗಸರು ಮಾತ್ರ ಬೆಳಕು ಹರಿಯುವ ಮೊದಲೇ ಎದ್ದು ಒಂದು ಗಂಟೆ ನಡೆದು ಕೆಲಸಕ್ಕೆ ಬರುತ್ತಿದ್ದರು. ಇದನ್ನೆಲ್ಲ ಅವನು ಮುನ್ನೂರು ಪುಟದ ವರದಿಯಲ್ಲಿ ಬರೆದ. ಹಳೆಯ ಹನ್ನೆರಡು ಸಾವಿರ ವೇಬಿಲ್ಲುಗಳನ್ನು, ಅಂದರೆ ಕಂಡಕ್ಟರುಗಳು ಸ್ಟೇಜು ಸ್ಟೇಜಿಗೂ ಎಷ್ಟು ಟಿಕೆಟ್ ಹರಿಯಿತೆಂದು ಒಂದೊಂದು ಚೌಕದ ಮನೆಯಲ್ಲಿ ಬರೆದಿಡುವ ಹಾಳೆಗಳನ್ನು, ಡಿಪೋಗಳ ಅಟ್ಟದಿಂದ ಇಳಿಸಿ, ಧೂಳು ಕುಡಿದು, ಕೆಮ್ಮಿ, ಒಂದೊಂದೇ ಓದಿಸಿ, ನಲವತ್ತೊಂದು ಮಾರ್ಗಗಳಲ್ಲಿ ಬಸ್ಸು ಖಾಲಿ ಓಡುತ್ತಿದೆ ಎಂದು ತೋರಿಸಿಕೊಟ್ಟ. ಅವನ್ನು ನಿಲ್ಲಿಸಿ ಗುಡ್ಡದ ಆಚೆಗೆ ಓಡಿಸಿ ಎಂದ. ಆಗಿನ ಮಂತ್ರಿ ವರದಿಯನ್ನು ಕೈಯಲ್ಲಿ ತೂಗಿ, “ಭಾರವಾಗಿದೆ ಪ್ರೊಫೆಸರ್ರೇ” ಎಂದು ನಕ್ಕು ಕಪಾಟಿಗೆ ಸೇರಿಸಿದ.

ಆ ನಗು ಇವನ ಎದೆಗೆ ನಾಟಿತು. ಮುಂದಿನ ಚುನಾವಣೆಗೆ ತಾನೇ ನಿಂತ. ‘ಖಾಲಿ ಬಸ್ಸು ನಿಲ್ಲಲಿ, ಕಾದವರಿಗೆ ಬಸ್ಸು ಬರಲಿ’ ಎಂಬುದೊಂದೇ ಮಾತು ಹಿಡಿದು ಬೀದಿ ಬೀದಿ ಸುತ್ತಿದ. ಭಾಷಣ ಬಾರದ ಮನುಷ್ಯ. ಗಂಟಲು ಕಟ್ಟಿತು, ಚಪ್ಪಲಿ ಸವೆಯಿತು, ಗೆದ್ದ. ಎರಡು ವರ್ಷದಿಂದ ಸಾರಿಗೆ ಮಂತ್ರಿ. ಮಸೂದೆಯಲ್ಲಿ ಅವನಿಗೆ ಎಲ್ಲಕ್ಕಿಂತ ಹೆಮ್ಮೆಯದು ಒಂಬತ್ತನೇ ಕಲಮು. ಒಮ್ಮೆ ನಿಲ್ಲಿಸಿದ ಮಾರ್ಗವನ್ನು ಹತ್ತು ವರ್ಷ ಯಾವ ಮಂತ್ರಿಯೂ ಯಾವ ಆದೇಶದಿಂದಲೂ ಮತ್ತೆ ಶುರುಮಾಡುವಂತಿಲ್ಲ ಎಂದು ಅದರಲ್ಲಿತ್ತು. ಭಾವಮೈದುನರು ಹಿಂಬಾಗಿಲಿಂದ ಬರದಿರಲಿ ಎಂದು ಅವನೇ ಕೂತು ಬರೆದ ಕಲಮು. ಆ ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಬಾವಿಗೆ ಎಸೆದಿದ್ದೇನೆ ಎಂದು ಪತ್ರಿಕೆಯವರ ಮುಂದೆ ಕೊಚ್ಚಿಕೊಂಡಿದ್ದ.

ಹೆಂಡತಿಯ ತಂದೆ, ಅಂದರೆ ಮಾವ, ಏಳು ವರ್ಷದಿಂದ ಅವರ ಜೊತೆಗೇ ಇದ್ದರು. ಮೂವತ್ತನಾಲ್ಕು ವರ್ಷ ಕಂಡಕ್ಟರಾಗಿ ದುಡಿದು ನಿವೃತ್ತರಾದವರು. ಮನೆಯೊಳಗೂ ಕಾಲು ಅಗಲಿಸಿಯೇ ನಿಲ್ಲುತ್ತಿದ್ದರು, ನೆಲ ಎಲ್ಲಿ ಅಲುಗೀತೋ ಎಂಬಂತೆ. ಅಳಿಯನೆಂದರೆ ಅವರಿಗೆ ಅಷ್ಟು ಗೌರವ; ಅವನು ಓದುತ್ತಿದ್ದರೆ ಕೆಮ್ಮು ಬಂದರೂ ಎದ್ದು ಹಿತ್ತಲಿಗೆ ಹೋಗಿ ಕೆಮ್ಮಿ ಬರುವವರು. ಆ ಬೆಳಿಗ್ಗೆ ಅವರು ಮಸೂದೆಯ ಅಚ್ಚಾದ ಪುಸ್ತಕವನ್ನು ಮೇಜಿನ ಮೇಲೆ ಹರಡಿಕೊಂಡು, ಕನ್ನಡಕದ ಮೇಲೆ ಭೂತಗಾಜು ಹಿಡಿದು, ಕೊನೆಯ ಪುಟಗಳನ್ನು ನೋಡುತ್ತಿದ್ದರು. ಅಲ್ಲಿ ಮಾದರಿಗೆಂದು ಹಳೆಯ ವೇಬಿಲ್ಲೊಂದರ ಚಿತ್ರ ಹಾಕಿದ್ದರು.

“ಅಳಿಯಂದಿರೇ, ಇದು ನನ್ನ ಅಕ್ಷರ” ಎಂದರು.

ಮುದುಕರ ಮುಖ ಅರಳಿಹೋಗಿತ್ತು. ಕಾನೂನಿನ ಪುಸ್ತಕದಲ್ಲಿ ತಮ್ಮ ಕೈಬರಹ ಅಚ್ಚಾಗುತ್ತದೆಂದು ಅವರು ಕನಸಿನಲ್ಲೂ ಎಣಿಸಿದವರಲ್ಲ. ಅವನು ಓಡಾಡುತ್ತಲೇ ‘ಹೌದಾ ಮಾವ, ಒಳ್ಳೇದಾಯ್ತು’ ಎಂದು ತೇಲಿಸಿಬಿಟ್ಟ. ಮಾವ ಬಿಡಲಿಲ್ಲ. ಇಪ್ಪತ್ತೇಳನೇ ನಂಬರಿನ ಬಸ್ಸು, ತಾರೀಖು ನೋಡಿ, ದೊಡ್ಡಾಸ್ಪತ್ರೆಯಲ್ಲಿ ಕಣ್ಣಿನ ವಿಭಾಗ ಶುರುವಾದ ದಿನ, ಅವತ್ತು ಕಾಲಿಡಲು ಜಾಗವಿರಲಿಲ್ಲ, ಹಾಳೆ ಇಡಲು ಆಸರೆ ಸಿಗದೆ ಯಾರದೋ ಬೆನ್ನ ಮೇಲಿಟ್ಟು ಬರೆದೆ, ಅದಕ್ಕೇ ಗೆರೆ ಹೀಗೆ ಸೊಟ್ಟಗಾಗಿದೆ ಎಂದು ಒಂದೇ ಸಮ ಹೇಳುತ್ತ ಹೋದರು.

ಬಾಲ್ಕನಿಯ ಹೊಸ್ತಿಲಲ್ಲಿ ಅವನ ಕಾಲು ನಿಂತಿತು.

“ಯಾವ ದಿನ ಅಂದ್ರಿ ಮಾವ?”

“ಇದೇ ದಿನ. ಇದೇ ಟ್ರಿಪ್ಪು.”

“ಇಲ್ಲಿ ಖಾಲಿ ಅಂತ ಬರೆದಿದ್ದೀರಲ್ಲ. ಏಳು ಸ್ಟೇಜಲ್ಲಿ ಐದು ಮನೆ ಖಾಲಿ.”

“ಹೌದು, ಖಾಲಿ.”

“ಅಂದ್ರೆ ಬಸ್ಸು ಖಾಲಿ.”

ಮಾವ ಭೂತಗಾಜು ಕೆಳಗಿಟ್ಟರು. ಅಳಿಯ ತಮಾಷೆ ಮಾಡುತ್ತಿದ್ದಾನೋ ಏನೋ ಎಂದು ಮುಖ ನೋಡಿದರು. “ಬಸ್ಸು ಖಾಲಿ ಅಂತ ಯಾರಾದ್ರೂ ವೇಬಿಲ್ಲಲ್ಲಿ ಬರೀತಾರಾ? ಮನೆ ಖಾಲಿ ಅಂತ. ಈ ಸ್ಟೇಜಲ್ಲಿ ಟಿಕೆಟ್ ಹರಿದಿಲ್ಲ, ಅಷ್ಟೆ. ಮನೆ ಬರಿದೇ ಬಿಟ್ರೆ, ಆಮೇಲೆ ತುಂಬಿಸ್ಕೊಳ್ಳೋಕೆ ಬಿಟ್ಟಿದ್ದೀಯ ಅಂತ ಚೆಕಿಂಗ್‌ನೋರು ಮೈಮೇಲೆ ಬರ್ತಾರೆ. ಅದಕ್ಕೇ ಖಾಲಿ ಅಂತ ಬರೆದು ಮನೆ ಮುಚ್ಚೋದು. ಅವತ್ತು ಬಂದವರೆಲ್ಲ ಪಾಸಿನವರು. ಆಸ್ಪತ್ರೆ ಜನ, ವಯಸ್ಸಾದವರು, ಕಣ್ಣಿಲ್ಲದವರ ಶಾಲೆ ಮಕ್ಕಳು. ಅವರಿಗೆ ಎಲ್ಲಿ ಟಿಕೆಟ್ಟು?”

ಅವನು ಕೈಯಲ್ಲಿದ್ದ ಬ್ರೆಡ್ಡನ್ನು ಮಸೂದೆಯ ಪಕ್ಕ ಇಟ್ಟ. ಆರು ವರ್ಷದ ಹಿಂದಿನ ಒಂದು ಮಧ್ಯಾಹ್ನ ಕಣ್ಣಿಗೆ ಕಟ್ಟಿತು. ಹಾಳೆಗಳನ್ನು ಕಂಪ್ಯೂಟರಿಗೆ ಹತ್ತಿಸುತ್ತಿದ್ದ ಸಂಶೋಧನಾ ವಿದ್ಯಾರ್ಥಿನಿ ಬಾಗಿಲಲ್ಲಿ ನಿಂತು, ಸರ್, ಕೆಲವು ಕಡೆ ಅಂಕಿ ಇಲ್ಲ, ಖಾಲಿ ಅಂತಿದೆ, ಏನು ಹಾಕಲಿ ಎಂದು ಕೇಳಿದ್ದಳು. ಅವನು ತಲೆ ಎತ್ತದೆ ‘ಸೊನ್ನೆ’ ಎಂದಿದ್ದ. ಅಷ್ಟೇ. ಅದೊಂದು ಶಬ್ದದ ಮೇಲೆ ವರದಿ ನಿಂತಿತ್ತು, ಚುನಾವಣೆ ನಿಂತಿತ್ತು, ಈ ಮಂತ್ರಿಗಿರಿ ನಿಂತಿತ್ತು. ಪಾಸು ಕೊಡುವುದು ಬೇರೆ ಇಲಾಖೆ. ಪಾಸು ಹಿಡಿದವರು ಎಲ್ಲಿ ಹತ್ತಿ ಎಲ್ಲಿ ಇಳಿದರೆಂದು ಬರೆಯುವವರು ಯಾರೂ ಇರಲಿಲ್ಲ. ಕಾಗದದಲ್ಲಿ ಇಲ್ಲದವರು ಊರಿನಲ್ಲೂ ಇಲ್ಲವೆಂದು ಅವನು ತಿಳಿದಿದ್ದ.

“ಇದನ್ನ ನನಗೆ ಯಾಕೆ ಹೇಳಲಿಲ್ಲ ಮಾವ?”

“ನೀವು ಕೇಳಲಿಲ್ಲವಲ್ಲ” ಎಂದರು ಮಾವ, ಸಹಜವಾಗಿ. ಅದರಲ್ಲಿ ದೂರು ಇರಲಿಲ್ಲ. ರೇಡಿಯೋದಲ್ಲಿ ಅಳಿಯ ಖಾಲಿ ಖಾಲಿ ಎನ್ನುವಾಗ, ನಮ್ಮ ಡಿಪೋದ ಮಾತು ಇವರ ಬಾಯಲ್ಲೂ ಬಂತಲ್ಲ ಎಂದು ತಮಗೆ ಖುಷಿಯಾಗುತ್ತಿತ್ತಂತೆ. ಪಾಸಿನವರಿಗೆ ಬೇರೆ ಏನೋ ಏರ್ಪಾಡು ಮಾಡಿರುತ್ತಾರೆ, ದೊಡ್ಡ ಲೆಕ್ಕದಲ್ಲಿ ನಮ್ಮಂಥವರು ಮೂಗು ತೂರಿಸಬಾರದು ಎಂದು ಸುಮ್ಮನಿದ್ದರಂತೆ. ಹೇಳುತ್ತ ಹೇಳುತ್ತ ಅಳಿಯನ ಮುಖ ನೋಡಿ ಅವರ ದನಿ ತಗ್ಗಿತು. ಏನಾದರೂ ತಪ್ಪಾಯಿತೇ ಎಂದು ಕೇಳಿದರು. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟ.

ಕಾರು ಬಾಗಿಲಲ್ಲೇ ಇತ್ತು. ಅದನ್ನು ಬಿಟ್ಟು ನಡೆದ. ಒಬ್ಬ ಮುದುಕನ ಒಂದು ದಿನದ ನೆನಪು ನಂಬಿ ಹನ್ನೆರಡು ಸಾವಿರ ಹಾಳೆ ಬಿಡುವುದುಂಟೇ, ಎಲ್ಲ ಕಡೆ ಹೀಗೇ ಬರೆಯುತ್ತಾರೆಂದು ಏನು ಗ್ಯಾರಂಟಿ, ಒಂದು ಉದಾಹರಣೆಯಿಂದ ಏನೂ ಸಿದ್ಧವಾಗುವುದಿಲ್ಲ ಎಂದು ತನಗೆ ತಾನೇ ಪಾಠ ಹೇಳಿಕೊಳ್ಳುತ್ತ ಹೋದ. ಕಾಲು ಮಾತ್ರ ಪಾಠ ಕೇಳುವ ಸ್ಥಿತಿಯಲ್ಲಿರಲಿಲ್ಲ, ಓಡುತ್ತಿತ್ತು. ವರದಿ ಬರೆಯುವಾಗ ಅವನು ನಲವತ್ತೊಂದು ಮಾರ್ಗಗಳಲ್ಲೂ ಒಂದೊಂದು ಸಲ ಓಡಾಡಿದ್ದ ನಿಜ. ಆದರೆ ಪಾಠ ಮುಗಿಸಿಕೊಂಡು, ಮಧ್ಯಾಹ್ನ ಎರಡರ ಮೇಲೆ. ಆ ಹೊತ್ತಿಗೆ ಆಸ್ಪತ್ರೆಯ ಜನ ಮನೆ ಸೇರಿರುತ್ತಾರೆ ಎಂಬುದು ಈಗ ಹೊಳೆಯಿತು.

ಎಂಟೂವರೆಯ ಇಪ್ಪತ್ತೇಳು ಬಂತು. ಹತ್ತುವುದೇ ಸಾಹಸವಾಯಿತು. ಒಂದು ಊರುಗೋಲು ಅವನ ಪಾದದ ಮೇಲೆ ಊರಿತು, ಯಾರದೋ ಎಕ್ಸ್‌ರೇ ಹಾಳೆಯ ಮೂಲೆ ಕುತ್ತಿಗೆಗೆ ಚುಚ್ಚಿತು. ಕಂಡಕ್ಟರ್ ಹೆಂಗಸು ಜನರ ನಡುವೆ ದಾರಿ ಮಾಡಿಕೊಂಡು ಪಾಸು, ಪಾಸು, ಪಾಸು ಎನ್ನುತ್ತ ಬಂದಳು. ಇವನ ಹತ್ತಿರ ಪಾಸಿರಲಿಲ್ಲ. ಪುಣ್ಯಕ್ಕೆ ಜೇಬಿನಲ್ಲಿ ಚಿಲ್ಲರೆ ಇತ್ತು. ಅವಳು ಯಂತ್ರ ಒತ್ತಿ ಟಿಕೆಟ್ ಹರಿದು ಕೊಡುತ್ತ, ಇವತ್ತಿನ ಬೋಣಿ ನೀವೇ ಎಂದಳು. ಮುಂದಿನ ಸ್ಟೇಜಿನಲ್ಲಿ ಹನ್ನೊಂದು ಜನ ಹತ್ತಿದರು, ಎಲ್ಲರ ಕೈಯಲ್ಲೂ ಪಾಸು. ಅವಳು ಯಂತ್ರದ ಮೂಲೆಯ ಗುಂಡಿ ಒತ್ತಿದಳು. ಅದರ ಮೇಲೆ ಏನು ಬರೆದಿದೆ ಎಂದು ಅವನು ಬಗ್ಗಿ ನೋಡಿದ. ‘ಖಾಲಿ’ ಎಂದಿತ್ತು. ಯಂತ್ರಗಳನ್ನು ಕೊಂಡವನು ಅವನೇ. ಕಳೆದ ವರ್ಷ ಅವನೇ ರಿಬ್ಬನ್ ಕತ್ತರಿಸಿದ್ದ.

ಎಂಬತ್ತಕ್ಕೆ ಕಡಿಮೆಯಿಲ್ಲದ ಜನ ಆ ಬಸ್ಸಿನಲ್ಲಿದ್ದರು. ಅವನ ಲೆಕ್ಕದ ಪ್ರಕಾರ ಒಬ್ಬನೇ ಇದ್ದ, ಅದು ಅವನೇ. ನಗು ಬರುವಂಥ ವಿಷಯ. ಅವನು ಟಿಕೆಟ್ಟನ್ನು ಮಡಿಚಿ ಮಡಿಚಿ ಉಗುರಿನಷ್ಟು ಮಾಡಿದ.

ಪಕ್ಕದಲ್ಲಿ ಗಂಡನನ್ನು ಆತುಕೊಂಡು ನಿಂತಿದ್ದ ಹೆಂಗಸು ತಾನಾಗಿಯೇ ಮಾತಿಗೆ ಬಂದಳು. ಗಂಡನಿಗೆ ವಾರಕ್ಕೆ ಮೂರು ಸಲ ರಕ್ತ ಶುದ್ಧಿ ಮಾಡಿಸಬೇಕು, ಈ ಬಸ್ಸಿದೆ ಅಂತಲೇ ಆ ಬಾಡಿಗೆ ಮನೆ ಹಿಡಿದಿದ್ದು, ಮುಂದಿನ ತಿಂಗಳು ಇದೂ ನಿಲ್ಲುತ್ತಂತೆ ಎಂದಳು. ಯಾಕಂತೆ ಎಂದು ಕೇಳಿದ. ಕೇಳಬಾರದಿತ್ತು, ಬಾಯಿ ತಡೆಯಲಿಲ್ಲ.

“ಇದರಲ್ಲಿ ಯಾರೂ ಹೋಗಲ್ವಂತೆ” ಎಂದಳು ಅವಳು. “ಯಾರೋ ಓದಿದೋರು ಎಣಿಸಿ ನೋಡಿದಾರಂತೆ. ನಾನು ನಾಲ್ಕು ವರ್ಷದಿಂದ ನಿಂತ್ಕೊಂಡೇ ಹೋಗ್ತಾ ಇದೀನಿ ಸ್ವಾಮಿ, ಒಂದಿನಾನೂ ಕೂರೋಕೆ ಸೀಟು ಸಿಕ್ಕಿಲ್ಲ.”

ಮೂರು ಬಸ್ಸು ಬದಲಿಸಿದ. ಹತ್ತೊಂಬತ್ತು, ಮೂವತ್ತಮೂರು, ಎಂಟು, ಎಲ್ಲ ನಿಲ್ಲಿಸುವ ಪಟ್ಟಿಯವೇ. ಮೂವತ್ತಮೂರು ಮಾತ್ರ ನಿಜವಾಗಿ ಖಾಲಿ ಇತ್ತು. ಅದನ್ನು ಕಂಡು ಅವನಿಗೆ ನಾಚಿಕೆಯಿಲ್ಲದೆ ಸಂತೋಷವಾಯಿತು. ಎಂಟರಲ್ಲಿ ಕಣ್ಣಿಲ್ಲದ ಮಕ್ಕಳು ಒಬ್ಬರ ಹೆಗಲು ಒಬ್ಬರು ಹಿಡಿದು ಇಳಿಯುವುದನ್ನು ನೋಡಿ ಆ ಸಂತೋಷವೂ ಸತ್ತಿತು. ಜೇಬಿನಲ್ಲಿ ಫೋನು ಒದ್ದಾಡುತ್ತಿತ್ತು. ಆಪ್ತ ಕಾರ್ಯದರ್ಶಿ ಇಪ್ಪತ್ತಾರು ಸಲ ಕರೆ ಮಾಡಿದ್ದ. ಅವನು ಎತ್ತಿ, ನಾಯಕಿಯ ಹತ್ತಿರ ಹತ್ತು ನಿಮಿಷ ಸಮಯ ಕೇಳು ಎಂದ.

ನಾಯಕಿ ಪಕ್ಷಕ್ಕೂ ಸರ್ಕಾರಕ್ಕೂ ಒಬ್ಬಳೇ ಯಜಮಾನಿ. ನಲವತ್ತು ವರ್ಷ ರಾಜಕೀಯ ಮಾಡಿ ಪಳಗಿದ ಹೆಂಗಸು. ಕೂತ ಕುರ್ಚಿಯಿಂದ ಏಳದೆ ಎದುರಿನವರನ್ನು ನಿಲ್ಲಿಸುವ ಕಲೆ ಗೊತ್ತು. ಇವನನ್ನು ಮಾತ್ರ ಕೂರಿಸಲು ಅವಳಿಗೂ ಆಗುತ್ತಿರಲಿಲ್ಲ. ಅವನು ಕಿಟಕಿಗೂ ಬಾಗಿಲಿಗೂ ನಡುವೆ ಓಡಾಡುತ್ತ ಎಲ್ಲವನ್ನೂ ಒದರಿದ. ಅವಳು ಕೇಳಿದಳು. ಕೊನೆಗೆ ನಕ್ಕಳು, ಕೆಟ್ಟ ನಗುವಲ್ಲ. ಇದಕ್ಕೆ ಇಷ್ಟು ಬೆವರುವುದೇನಿದೆ, ಮಸೂದೆ ಹಾಗೇ ಪಾಸಾಗಲಿ, ಆಸ್ಪತ್ರೆಯದೊಂದಷ್ಟು ಬಸ್ಸು ಆಮೇಲೆ ನೋಡಿಕೊಳ್ಳೋಣ, ಒಂದು ಆದೇಶ ಹೊರಡಿಸಿದರೆ ಆಯಿತು ಎಂದಳು.

“ಆದೇಶ ಹೊರಡಿಸೋಕೆ ಆಗಲ್ಲ ಅಮ್ಮ” ಎಂದ ಅವನು. “ಒಂಬತ್ತನೇ ಕಲಮು.”

ಅವಳು ಅವನನ್ನು ದಿಟ್ಟಿಸಿ ನೋಡಿದಳು. “ಅದನ್ನ ಬರೆದವರು ಯಾರು?”

“ನಾನೇ.”

“ನಾನು ಬೇಡ ಅಂದಿದ್ದೆ. ನೆನಪಿದೆಯಾ? ರಾಜಕೀಯದಲ್ಲಿ ಒಂದು ಕಿಟಕಿ ತೆರೆದಿಟ್ಟಿರಬೇಕು ಅಂದಿದ್ದೆ. ಅಂಥ ಕಿಟಕಿಯಿಂದಲೇ ಕಳ್ಳರು ಬರೋದು ಅಂದ್ರಿ.”

ನೆನಪಿತ್ತು. ಮಸೂದೆಯನ್ನು ಹಿಂದಕ್ಕೆ ತೆಗೆದುಕೊಳ್ಳೋಣ, ಮೂರು ತಿಂಗಳು ಕೊಡಿ, ಜನರನ್ನು ಬಸ್ಸಿನೊಳಗೇ ಎಣಿಸಿ ಹೊಸದಾಗಿ ತರುತ್ತೇನೆ ಎಂದು ಬೇಡಿದ. ಅವಳು ತಲೆಯಾಡಿಸಿದಳು. ಗುಡ್ಡದ ಆಚೆಯ ಹೆಂಗಸರು ಇನ್ನೂರು ಜನ ಮತ ಹಾಕುವುದನ್ನು ನೋಡಲು ಬೆಳಿಗ್ಗೆಯೇ ನಡೆದುಕೊಂಡು ಬಂದು ಸಭೆಯ ಮುಂದೆ ಕೂತಿದ್ದಾರೆ, ಅವರಿಗೆ ಏನು ಹೇಳುತ್ತೀರಿ ಎಂದಳು. ಅವರಿಗೂ ಬಸ್ಸು ಬೇಕಿತ್ತು. ಅವರ ಕಾಲೂ ಕಾಲೇ. ಈ ಕೆಲಸದಲ್ಲಿ ಎಲ್ಲಕ್ಕಿಂತ ಅಸಹ್ಯವಾದದ್ದು ಇದೇ ಎಂದು ಅವನಿಗನಿಸಿತು. ಎದುರಿಗೆ ಕೆಟ್ಟವರೇ ಇದ್ದಿದ್ದರೆ ಎಷ್ಟೋ ಹಗುರವಾಗಿರುತ್ತಿತ್ತು.

ಹೊರಡುವಾಗ ನಾಯಕಿ ಒಂದೇ ಮಾತು ಹೇಳಿದಳು. ಲೆಕ್ಕ ನಿಮ್ಮದು, ಮಸೂದೆ ಪಕ್ಷದ್ದು, ಪಕ್ಷದ ವಿರುದ್ಧ ಮತ ಹಾಕಿದರೆ ಮಂತ್ರಿ ಪದವಿಯ ಜೊತೆಗೆ ಸದಸ್ಯತ್ವವೂ ಹೋಗುತ್ತದೆ, ಆಮೇಲೆ ನನ್ನನ್ನು ಅನ್ನಬೇಡಿ ಎಂದಳು. ಬೆದರಿಕೆಯಂತೆ ಹೇಳಲಿಲ್ಲ, ಹವಾಮಾನ ಹೇಳಿದಂತೆ ಹೇಳಿದಳು.

ಮೂರಕ್ಕೆ ಸಭೆ ಕಿಕ್ಕಿರಿದಿತ್ತು. ಮೇಲಿನ ಗ್ಯಾಲರಿಯಲ್ಲಿ ಗುಡ್ಡದ ಆಚೆಯ ಹೆಂಗಸರು ಚಪ್ಪಲಿ ಬಿಚ್ಚಿ ಬೆಂಚಿನ ಕೆಳಗಿಟ್ಟು ಪಾದ ಉಜ್ಜಿಕೊಳ್ಳುತ್ತಿದ್ದರು. ಸಭಾಧ್ಯಕ್ಷರು ಮಂತ್ರಿಯ ಹೆಸರು ಕರೆದರು. ಅವನು ಎದ್ದ. ಬರೆದು ತಂದ ಭಾಷಣ ಹನ್ನೆರಡು ಪುಟ ಇತ್ತು, ಅದನ್ನು ತೆರೆಯಲಿಲ್ಲ. ಕಾಲು ಎಲ್ಲಾದರೂ ಹೋಗೋಣ ಎನ್ನುತ್ತಿತ್ತು, ಹೋಗಲು ಜಾಗವಿರಲಿಲ್ಲ. ಎರಡೂ ಕೈಯಲ್ಲಿ ಮುಂದಿನ ಮೇಜು ಹಿಡಿದುಕೊಂಡ.

“ನನ್ನ ಲೆಕ್ಕ ತಪ್ಪಾಗಿದೆ” ಎಂದ.

ಬೆಂಚುಗಳಲ್ಲಿ ಗದ್ದಲ ಎದ್ದಿತು. ಅವನು ವೇಬಿಲ್ಲಿನ ಮನೆಗಳ ವಿಷಯ, ಪಾಸಿನವರ ವಿಷಯ, ತಾನು ಹಾಕಿಸಿದ ಸೊನ್ನೆಯ ವಿಷಯ, ಬೆಳಿಗ್ಗೆ ನೋಡಿದ ಬಸ್ಸುಗಳ ವಿಷಯ ಎಲ್ಲವನ್ನೂ ಹೇಳಿದ. ನಲವತ್ತೊಂದರಲ್ಲಿ ಎಷ್ಟು ನಿಜವಾಗಿ ಖಾಲಿ ಎಂದು ತನಗೆ ಈಗ ಗೊತ್ತಿಲ್ಲ ಎಂದ. ‘ಗೊತ್ತಿಲ್ಲ’ ಎಂಬ ಮಾತನ್ನು ಅವನು ತುಂಬಿದ ಸಭೆಯಲ್ಲಿ ಹೇಳಿದ್ದು ಅದೇ ಮೊದಲು. ಮಸೂದೆಯನ್ನು ಹಿಂದಕ್ಕೆ ಪಡೆಯಲು ಸಭೆಯ ಒಪ್ಪಿಗೆ ಬೇಕೆಂದು ಕೇಳಿ, ಮೇಜು ಬಿಡದೆ ನಿಂತುಕೊಂಡ.

ಅವನ ಕಡೆಯ ಬೆಂಚುಗಳು ನಾಯಕಿಯ ಮುಖ ನೋಡಿದವು. ನಾಯಕಿ ಎದುರಿನ ಗೋಡೆ ನೋಡುತ್ತಿದ್ದಳು. ಆಗ ಎದ್ದವನು ವಿರೋಧ ಪಕ್ಷದ ಮುಖಂಡ. ಎರಡು ವರ್ಷದಿಂದ ಇವನ ಅಂಕಿಗಳನ್ನು ಸುಳ್ಳಿನ ಕಂತೆ ಎಂದು ಜರಿದ ಮನುಷ್ಯ. ಅವನ ಕ್ಷೇತ್ರದಲ್ಲೂ ಗುಡ್ಡದ ಆಚೆಯ ಮೂರು ಬಡಾವಣೆಗಳಿದ್ದವು. ಅವನು ಗ್ಯಾಲರಿಯ ಕಡೆಗೊಮ್ಮೆ ನೋಡಿ, ಕೈ ಮುಗಿದು, ಸಭೆಯ ಕಡೆ ತಿರುಗಿದ.

“ಮಾನ್ಯ ಸರಾಸರಿಯವರು ಎರಡು ವರ್ಷ ನಮಗೆ ಪಾಠ ಹೇಳಿದ್ರು. ಭಾವನೆ ನಂಬಬೇಡಿ, ಅಂಕಿ ನಂಬಿ ಅಂದ್ರು. ಕಷ್ಟಪಟ್ಟು ನಂಬಿದ್ವಿ. ಈಗ ಮನೆಯಲ್ಲಿ ಮಾವನವರು ಏನೋ ಹೇಳಿದ್ರು, ಬಸ್ಸಲ್ಲಿ ಯಾರೋ ಅಕ್ಕ ಏನೋ ಹೇಳಿದ್ರು ಅಂತಾರೆ. ನಾನು ಅಚ್ಚಾದ ಲೆಕ್ಕವನ್ನೇ ನಂಬ್ತೀನಿ.”

ಸಭೆ ಬಿದ್ದು ಬಿದ್ದು ನಕ್ಕಿತು. ಹಿಂದಕ್ಕೆ ಪಡೆಯಲು ಒಪ್ಪಿಗೆ ಇದೆಯೇ ಎಂದು ಸಭಾಧ್ಯಕ್ಷರು ಕೇಳಿದಾಗ ಎರಡೂ ಕಡೆಯಿಂದ ಒಂದೇ ದನಿಯಲ್ಲಿ ಇಲ್ಲ ಎಂದರು. ಆ ಎರಡು ಕಡೆಗಳೂ ಒಂದಾದದ್ದನ್ನು ಯಾರೂ ಅದುವರೆಗೆ ಕಂಡಿರಲಿಲ್ಲ. ಮತಕ್ಕೆ ಹಾಕಿದರು. ವಿರುದ್ಧ ಎದ್ದು ನಿಂತವನು ಒಬ್ಬನೇ. ಅವನು ಕುಳಿತೇ ಇರಲಿಲ್ಲವಾದ್ದರಿಂದ ಏಳುವ ಶ್ರಮವೂ ತಪ್ಪಿತು. ಗ್ಯಾಲರಿಯಲ್ಲಿ ಚಪ್ಪಾಳೆ ಬಿತ್ತು. ಒಬ್ಬ ಹೆಂಗಸು ಕಣ್ಣೊರೆಸಿಕೊಳ್ಳುತ್ತ ಅವನತ್ತಲೇ ಕೈ ಬೀಸಿದಳು. ಇಷ್ಟೆಲ್ಲ ಗಲಾಟೆಯಲ್ಲಿ ಅವಳಿಗೆ ಏನೂ ಕೇಳಿಸಿರಲಿಲ್ಲ, ತಮಗೆ ಬಸ್ಸು ತಂದವನು ಇವನೇ ಎಂದಷ್ಟೇ ಗೊತ್ತಿತ್ತು. ಅವನೂ ಕೈ ಎತ್ತಿದ. ಎತ್ತದೆ ಇನ್ನೇನು ಮಾಡುತ್ತಾನೆ.

ಸಂಜೆ ಮನೆಗೆ ಬರುವಷ್ಟರಲ್ಲಿ ಕಾರು ಹೋಗಿತ್ತು, ಬಾಗಿಲ ಪೊಲೀಸಿನವನೂ ಹೋಗಿದ್ದ. ಹೆಂಡತಿ ಬಾಗಿಲು ತೆರೆದವಳೇ, ಒಳಗೆ ಅಪ್ಪ ಏನೂ ತಿಂದಿಲ್ಲ ಎಂದಳು. ಮಾವ ತಮ್ಮ ಕೋಣೆಯಲ್ಲಿ ಮಂಚದ ತುದಿಯಲ್ಲಿ ಕೂತಿದ್ದರು. ಎದುರಿಗೆ ಬಟ್ಟೆ ತುಂಬಿದ ಚೀಲ. ಎಲ್ಲವನ್ನೂ ರೇಡಿಯೋದಲ್ಲಿ ಕೇಳಿದ್ದರು. ಹಿರಿಮಗಳ ಮನೆಗೆ ಹೊರಟಿದ್ದೇನೆ ಎಂದರು.

“ನಾನು ಬಾಯಿ ಮುಚ್ಕೊಂಡಿರಬೇಕಿತ್ತು. ನಿಮ್ಮ ಅನ್ನಕ್ಕೆ ಕಲ್ಲು ಹಾಕಿದೆ” ಎಂದರು.

ಅವನು ಬಂದು ಅವರ ಪಕ್ಕದಲ್ಲಿ ಕೂತ. ನಿಜವಾಗಿಯೂ ಕೂತ. ಹೆಂಡತಿ ಬಾಗಿಲಲ್ಲಿ ನಿಂತು ಅದನ್ನು ನೋಡಿ ಹೆದರಿದಳು.

“ಏಳು ವರ್ಷ ಒಂದೇ ಮನೇಲಿದ್ವಿ ಮಾವ” ಎಂದ. “ನೀವು ಏನು ಕೆಲಸ ಮಾಡ್ತಿದ್ರಿ ಅಂತ ನಾನು ಒಂದಿನ ಕೇಳಲಿಲ್ಲ. ಹನ್ನೆರಡು ಸಾವಿರ ಹಾಳೆ ಓದಿದೆ. ಬರೆದವರು ಪಕ್ಕದ ಕೋಣೇಲೇ ಇದ್ರು.”

ಹೇಳುವಾಗ ಅಳು ಬಂತು. ತಡೆಯಲಿಲ್ಲ. ಮಾವ ಏನು ಮಾಡಬೇಕೆಂದು ತೋಚದೆ ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತರು. ಹೆಂಡತಿ ಒಳಗೆ ಬಂದು ಚೀಲದಲ್ಲಿದ್ದ ಅಪ್ಪನ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಕಪಾಟಿಗೆ ಸೇರಿಸಿದಳು.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಲವತ್ತೊಂದು ಮಾರ್ಗ ನಿಂತವು. ಗುಡ್ಡದ ಆಚೆಗೆ ಹೊಸ ಬಸ್ಸುಗಳು ಹೊರಟವು, ಅಲ್ಲಿ ಸಂಭ್ರಮವೋ ಸಂಭ್ರಮ, ಪತ್ರಿಕೆಯಲ್ಲಿ ಚಿತ್ರ ಬಂತು. ಅಷ್ಟು ಹೊತ್ತಿಗೆ ಅವನು ಮಂತ್ರಿಯಾಗಿರಲಿಲ್ಲ, ಸದಸ್ಯನೂ ಆಗಿರಲಿಲ್ಲ. ವಿಶ್ವವಿದ್ಯಾಲಯ ಅವನ ಜಾಗದಲ್ಲಿ ಬೇರೆಯವರನ್ನು ತುಂಬಿಕೊಂಡಾಗಿತ್ತು. ಹಿಂದಿನ ದಿನವೆಲ್ಲ ಮನೆಯೊಳಗೆ ಕಾಲು ಸುಟ್ಟ ಬೆಕ್ಕಿನಂತೆ ತಿರುಗಿದ. ಒಂದನೇ ತಾರೀಖು ಬೆಳಿಗ್ಗೆ ಏಳು ಗಂಟೆಗೆ ಹೊರಟು ಇಪ್ಪತ್ತೇಳು ನಿಲ್ಲುತ್ತಿದ್ದ ಒಂದು ಸ್ಟಾಪಿನಲ್ಲಿ ಹೋಗಿ ನಿಂತ. ಇನ್ನೊಂದರಲ್ಲಿ ಮಾವ ನಿಂತಿದ್ದರು. ಬಸ್ಸಿಲ್ಲ ಎಂಬ ಚೀಟಿಯನ್ನು ಇಲಾಖೆಯವರು ಕಂಬಕ್ಕೆ ಅಂಟಿಸಿದ್ದರು ನಿಜ, ಆದರೆ ಸಣ್ಣ ಅಕ್ಷರ, ಅದೂ ತಲೆಗಿಂತ ಮೇಲೆ. ಕಣ್ಣಾಸ್ಪತ್ರೆಗೆ ಹೋಗುವವರಿಗೆ ಅದನ್ನು ಓದಿ ಹೇಳಲು ಒಬ್ಬರಾದರೂ ಬೇಕು ಎಂದು ಮಾವನೇ ಸೂಚಿಸಿದ್ದರು.

ಬಂದವರಿಗೆಲ್ಲ ಹೇಳಿದ. ಕೆಲವರು ಬೈದುಕೊಂಡು ಹೋದರು, ಕೆಲವರು ಆಟೋ ಹುಡುಕಿದರು, ಒಬ್ಬಾಕೆ ಸುಮ್ಮನೆ ಮನೆಗೆ ವಾಪಸಾದಳು. ಎಂಟೂವರೆಯ ಸುಮಾರಿಗೆ ಒಬ್ಬ ವಯಸ್ಸಾದ ಮನುಷ್ಯ ಕುಂಟುತ್ತ ಬಂದು ಬೆಂಚಿನ ಮೇಲೆ ಕೂತ. ಒಂದು ಕಾಲಿಗೆ ಮೊಣಕಾಲಿನವರೆಗೆ ಬಟ್ಟೆ ಸುತ್ತಿತ್ತು. ಎಂಟೂವರೆ ಬಸ್ಸು ಹೋಯಿತಾ ಎಂದು ಕೇಳಿದ. ಬಸ್ಸು ಬರುವುದಿಲ್ಲ, ಇನ್ನು ಹತ್ತು ವರ್ಷ ಬರುವುದಿಲ್ಲ ಎಂದು ಅವನು ಹೇಳಿದ.

“ಯಾರು ನಿಲ್ಸಿದ್ದು?”

ಸರ್ಕಾರ ಎನ್ನಬಹುದಿತ್ತು. ಸಭೆ ಎನ್ನಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ.

“ನಾನು” ಎಂದ.

ಮುದುಕ ಅವನನ್ನು ಮೇಲಿಂದ ಕೆಳಗೆ ನೋಡಿದ. ಕ್ಷೌರವಿಲ್ಲದ ಮುಖ, ಸವೆದ ಚಪ್ಪಲಿ, ನಿದ್ದೆಗೆಟ್ಟ ಕಣ್ಣು. ನೋಡಿ ಅವನಿಗೆ ಕನಿಕರ ಬಂದಿರಬೇಕು. ಬೆಂಚಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ.

“ಹಂಗೆಲ್ಲ ತಲೆಗೆ ಹಚ್ಕೋಬಾರದಪ್ಪ” ಎಂದ ಸಮಾಧಾನದ ದನಿಯಲ್ಲಿ. “ನಿನ್ನಂಥೋರು ನನ್ನಂಥೋರು ಹೇಳಿದ್ರೆ ಇಲ್ಲಿ ಏನಾದ್ರೂ ನಿಲ್ಲುತ್ತಾ, ಏನಾದ್ರೂ ಓಡುತ್ತಾ?”

ಅವನ ಮಾತನ್ನು ಸಭೆಯಲ್ಲಿ ನಂಬಲಿಲ್ಲ, ಇಲ್ಲಿಯೂ ನಂಬಲಿಲ್ಲ. ಅಲ್ಲಿ ನಕ್ಕಿದ್ದರು, ಅದನ್ನು ಸಹಿಸಬಹುದಿತ್ತು. ಆಸ್ಪತ್ರೆಗೆ ಅಲ್ಲಿಂದ ಎರಡು ಮೈಲಿ. ಮುದುಕ ಬೆಂಚು ಹಿಡಿದು ಎದ್ದು, ನಿಧಾನಕ್ಕೆ ನಡೆದರೆ ಹತ್ತರೊಳಗೆ ಸೇರಬಹುದು ಎಂದ. ಅವನು ಮುದುಕನ ಕೈಯಿಂದ ಆಸ್ಪತ್ರೆಯ ಕಾಗದಗಳ ಚೀಲ ತೆಗೆದುಕೊಂಡು, ಹೆಗಲು ಕೊಟ್ಟು, ಅವನ ಕುಂಟು ಹೆಜ್ಜೆಗೆ ತನ್ನ ಹೆಜ್ಜೆ ಹೊಂದಿಸುತ್ತ ಜೊತೆಗೆ ಹೊರಟ.